ಗೀರು ಬಿದ್ದ ತಟ್ಟೆ: ಒಂದು ದುರಸ್ತಿಯ ಚರಿತ್ರೆ

1981ರಲ್ಲಿ ಬಿ.ಬಿ.ಸಿ. ದೂರದರ್ಶನದ ‘ಟುಮಾರೋಸ್ ವರ್ಲ್ಡ್’ ಎಂಬ ವಿಜ್ಞಾನ ಕಾರ್ಯಕ್ರಮದಲ್ಲಿ, ಇನ್ನೂ ಮಾರುಕಟ್ಟೆಗೆ ಬಾರದಿದ್ದ ಒಂದು ಬೆಳ್ಳಿಬಣ್ಣದ ತಟ್ಟೆಯನ್ನು ವೀಕ್ಷಕರಿಗೆ ಪರಿಚಯಿಸಲಾಯಿತು. ಬೀ ಜೀಸ್ ತಂಡದ ಹಾಡುಗಳಿದ್ದ ಆ ತಟ್ಟೆಯನ್ನು ನಿರೂಪಕರು ಕಲ್ಲಿನಿಂದ ಉಜ್ಜಿ ತೋರಿಸಿದರು. ತಟ್ಟೆಗೆ ಜಾಮ್ ಬಳಿದು ತೋರಿಸಿದರೆಂದು ಬ್ರಿಟನ್ನಿನ ಅನೇಕರು ಇಂದಿಗೂ ನೆನೆಯುತ್ತಾರೆ. ಮರುವರ್ಷ ಅದು ಅಂಗಡಿಗೆ ಬಂದಾಗ ‘ಎಂದೆಂದಿಗೂ ಪರಿಪೂರ್ಣ ಧ್ವನಿ’ ಎಂಬ ಘೋಷಣೆಯನ್ನೂ ಹೊತ್ತು ತಂದಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ತಟ್ಟೆಯನ್ನು ಜನ ಬಚ್ಚಲುಮನೆಗೆ ಒಯ್ದು, ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕತೊಡಗಿದ್ದರು.

ಘೋಷಣೆ ಸುಳ್ಳಾಯಿತು, ಜನ ಮೋಸಹೋದರು ಎಂದು ಇಷ್ಟಕ್ಕೇ ತೀರ್ಪು ಕೊಟ್ಟುಬಿಡಬಹುದು. ಆದರೆ ಸಿ.ಡಿ.ಯ ಚರಿತ್ರೆಯನ್ನು ತುಸು ಒಳಹೊಕ್ಕು ನೋಡಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಅದನ್ನು ರೂಪಿಸಿದ ಎಂಜಿನಿಯರುಗಳು ಗೀರು ಬೀಳದ ವಸ್ತುವೊಂದನ್ನು ಮಾಡಲು ಹೊರಟವರೇ ಅಲ್ಲ. ಗೀರು ಬಿದ್ದೇ ಬೀಳುತ್ತದೆ ಎಂಬ ಎಣಿಕೆಯಿಂದ ಆರಂಭಿಸಿ, ಬಿದ್ದ ಮೇಲೂ ಓದಲು ಬರುವಂತೆ ಬರೆಯುವುದು ಹೇಗೆಂದು ಅವರು ಯೋಚಿಸಿದರು. ಮನೆಯಲ್ಲಿ ನಾವು ಮಾಡುವ ರಿಪೇರಿ ಫಲಿಸುವುದು ಆ ಮೊದಲ ಏರ್ಪಾಡಿನ ಬಲದಿಂದ. ಫಲಿಸದೆ ಹೋಗುವುದೂ ಅದರ ಮಿತಿಯಿಂದಲೇ. ಇದನ್ನು ಅರಿಯುವ ಅಗತ್ಯ ಇಂದು ಹಿಂದೆಂದಿಗಿಂತ ಹೆಚ್ಚಾಗಿದೆ. ನಮ್ಮ ಬೀರುಗಳಲ್ಲಿ ಉಳಿದಿರುವ ತಟ್ಟೆಗಳಲ್ಲಿ ಕೆಲವಕ್ಕೆ ಎರಡನೆಯ ಪ್ರತಿಯಿಲ್ಲ. ಅವನ್ನು ಓದುವ ಯಂತ್ರಗಳೂ ಮನೆಗಳಿಂದ ಮರೆಯಾಗುತ್ತಿವೆ.

ಗ್ರಾಮಫೋನ್ ತಟ್ಟೆಯ ಮೂಲದೋಷ ಸ್ಪರ್ಶ. ಮುಳ್ಳು ತಾಗದೆ ಹಾಡು ಹೊರಡದು. ತಾಗಿದಷ್ಟೂ ಹಾಡು ಸವೆಯುತ್ತದೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ರಿಚ್‌ಲ್ಯಾಂಡಿನಲ್ಲಿದ್ದ ಭೌತವಿಜ್ಞಾನಿ ಜೇಮ್ಸ್ ರಸೆಲ್ ಅವರನ್ನು ಕಾಡಿದ್ದು ಈ ಸವೆತವೇ. ಲೋಹದ ಮುಳ್ಳಿನ ಬದಲು ಕಳ್ಳಿಯ ಮುಳ್ಳನ್ನೂ ಬಳಸಿ ನೋಡಿದ ಅವರು, ಕೊನೆಗೆ ಬೆಳಕಿನಿಂದಲೇ ಓದುವ ಉಪಾಯ ಯೋಚಿಸಿ, 1966ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು; 1970ರಲ್ಲಿ ಅದು ದೊರೆಯಿತು. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಸಂಶೋಧಕರು ಬೇರೊಂದು ದಾರಿಯಿಂದ ಅದೇ ಗುರಿಯತ್ತ ನಡೆದಿದ್ದರು. ಅವರ ಮೊದಲ ಫಲ 30 ಸೆಂಟಿಮೀಟರ್ ಅಗಲದ, ಚಲನಚಿತ್ರಗಳನ್ನು ಹೊತ್ತ ಲೇಸರ್ ತಟ್ಟೆ. 1978ರ ಡಿಸೆಂಬರಿನಲ್ಲಿ ಅದು ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂದಿತಾದರೂ ಜನಪ್ರಿಯವಾಗಲಿಲ್ಲ. ಅದೇ ತತ್ತ್ವವನ್ನು ಚಿಕ್ಕದಾಗಿಸಿ ಕೇವಲ ಸಂಗೀತಕ್ಕೆ ಅಳವಡಿಸಿದ ತಟ್ಟೆಯನ್ನು ಫಿಲಿಪ್ಸ್ 1979ರ ಮಾರ್ಚ್ 8ರಂದು ಐಂಡ್‌ಹೋವನ್ನಿನಲ್ಲಿ ಪ್ರದರ್ಶಿಸಿತು. ಅದೇ ವರ್ಷ ಜಪಾನಿನ ಸೋನಿ ಸಂಸ್ಥೆಯೊಡನೆ ಒಪ್ಪಂದವಾಯಿತು. 1980ರಲ್ಲಿ ಎರಡೂ ಸಂಸ್ಥೆಗಳು ಕೂಡಿ ರಚಿಸಿದ ನಿಯಮಾವಳಿ, ಹೊದಿಕೆಯ ಬಣ್ಣದಿಂದಾಗಿ, ‘ಕೆಂಪು ಪುಸ್ತಕ’ವೆಂದು ಹೆಸರಾಯಿತು. 1982ರ ಆಗಸ್ಟ್ 17ರಂದು ಜರ್ಮನಿಯ ಹ್ಯಾನೋವರ್ ಬಳಿಯ ಲಾಂಗನ್‌ಹಾಗನ್ನಿನಲ್ಲಿ ತಟ್ಟೆಗಳ ತಯಾರಿಕೆ ಆರಂಭವಾಯಿತು. ಅಕ್ಟೋಬರ್ 1ರಂದು ಜಪಾನಿನಲ್ಲಿ ಮಾರಾಟ ತೊಡಗಿತು.

ಈ ತಟ್ಟೆಯ ದೇಹರಚನೆಯನ್ನು ಅರಿಯದೆ ಅದರ ರೋಗವೂ ಚಿಕಿತ್ಸೆಯೂ ಅರ್ಥವಾಗವು. ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಆ ದಪ್ಪದ ಬಹುಪಾಲೆಲ್ಲ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಅದರ ಮೇಲ್ಮುಖದಲ್ಲಿ, ಎಂದರೆ ಹೆಸರು ಚಿತ್ರಗಳನ್ನು ಅಚ್ಚುಹಾಕುವ ಬದಿಯಲ್ಲಿ, ಮೈಕ್ರೊಮೀಟರಿನ ಹತ್ತನೆಯ ಒಂದು ಭಾಗದಷ್ಟು ಆಳದ ಗುಳಿಗಳ ಸಾಲು. ಅದರ ಮೇಲೆ ಅತಿ ತೆಳುವಾದ ಅಲ್ಯೂಮಿನಿಯಂ ಲೇಪ; ಆ ಲೇಪದ ರಕ್ಷಣೆಗೆ ಒಂದು ಪದರ ಮೆರುಗೆಣ್ಣೆ; ಎಲ್ಲಕ್ಕೂ ಮೇಲೆ ಅಚ್ಚಿನ ಶಾಯಿ. ಗುಳಿಗಳ ಸಾಲು ಒಳಗಿನಿಂದ ಹೊರಕ್ಕೆ ಒಂದೇ ಸುರುಳಿಯಾಗಿ 20 ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಬಿಡಿಸಿ ಹಾಸಿದರೆ ಅದರ ಉದ್ದ 5 ಕಿಲೋಮೀಟರಿಗೂ ಮಿಗಿಲು. ಲೇಸರ್ ಕಿರಣ ಕೆಳಗಿನಿಂದ, ಪ್ಲಾಸ್ಟಿಕ್ಕನ್ನು ಹಾಯ್ದು ಬಂದು, ಲೋಹದಿಂದ ಪ್ರತಿಫಲಿಸಿ ಹಿಂದಿರುಗುತ್ತದೆ.

ಹೀಗೆಂದರೆ, ನಾವು ‘ಹಾಡಿರುವ ಬದಿ’ ಎಂದು ಜೋಪಾನ ಮಾಡುವ ಹೊಳೆಯುವ ಮುಖದಲ್ಲಿ ಹಾಡಿಲ್ಲ. ಅದೊಂದು ಕಿಟಕಿಯ ಗಾಜು ಮಾತ್ರ. ಹಾಡಿರುವುದು ಅದರ ಇನ್ನೊಂದು ಮಗ್ಗುಲಲ್ಲಿ, ನಾವು ಯಾವ ಅಳುಕೂ ಇಲ್ಲದೆ ಮೇಜಿನ ಮೇಲೆ ಬೋರಲು ಹಾಕುವ, ಪೆನ್ನಿನಿಂದ ಹೆಸರು ಗೀಚುವ ಅಚ್ಚಿನ ಪದರದ ಕೆಳಗೇ. ಕಿಟಕಿಗೆ 1.2 ಮಿಲಿಮೀಟರ್ ದಪ್ಪವಿದ್ದರೆ, ಅತ್ತ ಕಡೆಯ ಕವಚ ಕೂದಲೆಳೆಗಿಂತಲೂ ತೆಳು.

ಕಿಟಕಿಯ ದಪ್ಪಕ್ಕೂ ಕಾರಣವಿದೆ. ಕಿರಣ ತಟ್ಟೆಯ ಹೊರಮೈಯನ್ನು ಹೊಕ್ಕುವಾಗ ಅದರ ಅಗಲ ಸುಮಾರು 0.8 ಮಿಲಿಮೀಟರ್, ಗುಳಿಗಳನ್ನು ಮುಟ್ಟುವ ಹೊತ್ತಿಗೆ ಅದು ಮೊನಚಾಗಿ ಎರಡು ಮೈಕ್ರೊಮೀಟರಿಗೂ ಕಡಿಮೆಯಾಗಿರುತ್ತದೆ. ಹೊರಮೈಯ ಮೇಲಿನ ಧೂಳಿನ ಕಣ, ಸಣ್ಣ ಗೀರು, ಬೆರಳಿನ ಗುರುತು ಇವೆಲ್ಲ ಆ ಅಗಲವಾದ ಕಿರಣದ ಒಂದು ಅಂಶವನ್ನಷ್ಟೇ ತಡೆಯಬಲ್ಲವು. ಕನ್ನಡಕದ ಮೇಲೆ ಧೂಳಿದ್ದರೂ ಪುಸ್ತಕದ ಅಕ್ಷರ ಓದಲು ಬರುವುದಲ್ಲವೇ, ಹಾಗೆ. ಇದು ಮೊದಲನೆಯ ರಕ್ಷೆ.

ಎರಡನೆಯ ರಕ್ಷೆ ಗಣಿತದ್ದು. ಅದರ ಕಥೆ ತಟ್ಟೆಗಿಂತ ಹಳೆಯದು. ಸದ್ದುಗದ್ದಲದ ತಂತಿಯ ಮೂಲಕವೂ ಸಂದೇಶವನ್ನು ತಪ್ಪಿಲ್ಲದೆ ಕಳಿಸಲು ಸಾಧ್ಯವೆಂದು ಕ್ಲಾಡ್ ಶಾನನ್ 1948ರಲ್ಲಿ ಸಿದ್ಧಪಡಿಸಿದರು; ತಪ್ಪನ್ನು ತಾನೇ ತಿದ್ದಿಕೊಳ್ಳುವ ಸಂಕೇತವೊಂದನ್ನು ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು. 1960ರಲ್ಲಿ ಎಂ.ಐ.ಟಿ.ಯ ಲಿಂಕನ್ ಪ್ರಯೋಗಾಲಯದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಬರೆದ ಕಿರು ಪ್ರಬಂಧವೇ ಸಿ.ಡಿ.ಯ ಪ್ರಾಣ. ಅದರ ಹೊಳಹು ಶಾಲೆಯ ರೇಖಾಗಣಿತಕ್ಕೆ ಹತ್ತಿರವಾದುದು. ಒಂದು ಸರಳರೇಖೆಯನ್ನು ಗೊತ್ತುಪಡಿಸಲು ಎರಡು ಚುಕ್ಕೆ ಸಾಕು. ಎರಡರ ಬದಲು ನಾಲ್ಕು ಚುಕ್ಕೆಗಳನ್ನು ಕೊಟ್ಟು, ಇವು ಒಂದೇ ರೇಖೆಯ ಮೇಲಿವೆ ಎಂದು ಹೇಳಿಟ್ಟರೆ, ಒಂದು ಚುಕ್ಕೆ ಸ್ಥಳ ತಪ್ಪಿದರೂ ಉಳಿದ ಮೂರು ಅದನ್ನು ಹಿಡಿದುಕೊಡುತ್ತವೆ, ಅದರ ಸರಿಯಾದ ಜಾಗವನ್ನೂ ತಿಳಿಸುತ್ತವೆ. ರೀಡ್ ಮತ್ತು ಸಾಲೊಮನ್ ಸರಳರೇಖೆಯ ಬದಲು ಹೆಚ್ಚು ಘಾತದ ಬಹುಪದಿಗಳನ್ನು ಬಳಸಿದರು.

ಅದೇ 1960ರಲ್ಲಿ ರಾಜಚಂದ್ರ ಬೋಸ್ ಮತ್ತು ದ್ವಿಜೇಂದ್ರ ಕುಮಾರ್ ರೇ-ಚೌಧುರಿ ಅಮೆರಿಕದ ಉತ್ತರ ಕೆರೊಲೈನಾದಲ್ಲಿದ್ದುಕೊಂಡು ಇದೇ ಜಾತಿಯ ಸಂಕೇತಗಳನ್ನು ಪ್ರಕಟಿಸಿದರು. ಫ್ರಾನ್ಸಿನ ಒಕೆಂಗೆಮ್ ಒಂದು ವರ್ಷ ಮೊದಲೇ ಅವನ್ನು ಕಂಡಿದ್ದರಿಂದ ಮೂವರ ಹೆಸರೂ ಅವಕ್ಕೆ ಸೇರಿತು. ರೀಡ್-ಸಾಲೊಮನ್ ಸಂಕೇತ ಇದೇ ಕುಟುಂಬದ ಒಂದು ಕವಲೆಂಬುದು ಮುಂದೆ ಸ್ಪಷ್ಟವಾಯಿತು. ಬೋಸ್ ಅವರು ದೆಹಲಿಯಲ್ಲಿ ಓದಿ, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು ಹೊರದೇಶಕ್ಕೆ ಹೋದವರು. ಆ ಸಂಸ್ಥೆಯಲ್ಲಿ ಅವರೊಡನಿದ್ದ ಕಿರಿಯರಲ್ಲಿ ಸಿ. ಆರ್. ರಾವ್ ಒಬ್ಬರು. ತೆಲುಗು ಮನೆಮಾತಿನ ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಕೃಷಿ ಪ್ರಯೋಗಗಳಂಥ ಕೆಲಸಕ್ಕೆಂದು ಅವರು 1940ರ ದಶಕದಲ್ಲಿ ರೂಪಿಸಿದ ಒಂದು ಬಗೆಯ ಅಂಕಿಗಳ ಕೋಷ್ಟಕಕ್ಕೂ ದೋಷ ತಿದ್ದುವ ಸಂಕೇತಗಳಿಗೂ ಒಳನಂಟಿದೆಯೆಂಬುದನ್ನು ಮುಂದೆ ಬೋಸರೇ ತೋರಿಸಿಕೊಟ್ಟರು. ಹೊಲದ ಇಳುವರಿಯನ್ನು ಅಳೆಯಲು ಹುಟ್ಟಿದ ಗಣಿತ ಹಾಡಿನ ತಟ್ಟೆಯ ಗಣಿತಕ್ಕೆ ಹೀಗೆ ನೆಂಟನಾಯಿತು.

ಕನ್ನಡ ಓದುಗರಿಗೆ ಈ ಉಪಾಯ ತೀರ ಅಪರಿಚಿತವಲ್ಲ. ಹುಳು ತಿಂದ ಓಲೆಗರಿಯಲ್ಲಿ ಒಂದು ಅಕ್ಷರ ಹೋಗಿದ್ದರೆ ಗ್ರಂಥಸಂಪಾದಕರು ಏನು ಮಾಡುತ್ತಾರೆ? ಕಂದಪದ್ಯವಾದರೆ ಸಾಲುಗಳಿಗೆ 12, 20, 12, 20 ಎಂದು ಮಾತ್ರೆಯ ಕಟ್ಟಿದೆ. ನಾಲ್ಕು ಸಾಲಿನಲ್ಲೂ ಎರಡನೆಯ ಅಕ್ಷರಕ್ಕೆ ಪ್ರಾಸವಿರಬೇಕೆಂಬ ನಿಯಮವಿದೆ. ಮೂರು ಸಾಲಿನ ಪ್ರಾಸಾಕ್ಷರ ಉಳಿದಿದ್ದರೆ ನಾಲ್ಕನೆಯದರ ವ್ಯಂಜನ ಸಿಕ್ಕಂತೆಯೇ. ಹೋದದ್ದು ಲಘುವೋ ಗುರುವೋ ಎಂಬುದನ್ನು ಮಾತ್ರೆ ಹೇಳುತ್ತದೆ. ಅರ್ಥದ ದೃಷ್ಟಿಯಿಂದ ಪ್ರಾಸ ಒಂದು ಹೆಚ್ಚುವರಿ ಕಟ್ಟಳೆ. ನಷ್ಟವಾದಾಗ ಆ ಹೆಚ್ಚುವರಿಯೇ ಕೈಹಿಡಿಯುತ್ತದೆ. ಸಿ.ಡಿ.ಯಲ್ಲಿಯೂ ಸಂಗೀತದ ಪ್ರತಿ 24 ಬೈಟುಗಳಿಗೆ 8 ಹೆಚ್ಚುವರಿ ಬೈಟುಗಳನ್ನು ಸೇರಿಸಿ ಒಟ್ಟು 32 ಬರೆಯುತ್ತಾರೆ. ಆ ಎಂಟೂ ಹಾಡಿನ ಭಾಗವಲ್ಲ; ಹಾಡು ಕೆಟ್ಟಾಗ ಸಾಕ್ಷಿ ನುಡಿಯಲು ಇಟ್ಟವು.

ಆದರೆ ಗೀರು ಹುಳುವಿನಂತೆ ಅಲ್ಲೊಂದು ಇಲ್ಲೊಂದು ಅಕ್ಷರ ತಿನ್ನುವುದಿಲ್ಲ. ಅಕ್ಕಪಕ್ಕದ ಸಾವಿರಾರು ಬಿಟ್‌ಗಳನ್ನು ಒಟ್ಟಿಗೆ ನುಂಗುತ್ತದೆ. ಮೂರು ಪ್ರಾಸ ಉಳಿದರೆ ನಾಲ್ಕನೆಯದು ಸಿಕ್ಕೀತು. ಇಡೀ ಪದ್ಯವೇ ಹೋದರೆ? ಇದಕ್ಕೆಂದು ಹೆಣೆದು ಬರೆಯುವ ಕ್ರಮ ಬಂದಿತು. ಒಂದು ಗುಂಪಿನ ಬೈಟುಗಳನ್ನು ಒಟ್ಟಿಗೆ ಬರೆಯದೆ, ನೂರಕ್ಕೂ ಹೆಚ್ಚು ಚೌಕಟ್ಟುಗಳ ಉದ್ದಕ್ಕೆ ಹರಡಿ, ಬೇರೆ ಗುಂಪುಗಳ ಬೈಟುಗಳೊಡನೆ ಬೆರೆಸಿಡುತ್ತಾರೆ. ಓದುವಾಗ ಯಂತ್ರ ಅವನ್ನು ಮತ್ತೆ ಕೂಡಿಸುತ್ತದೆ. ಗೀರು ಒಂದೆಡೆ ದೊಡ್ಡ ತೂತು ಮಾಡಿದ್ದರೂ, ಕೂಡಿಸಿದ ಮೇಲೆ ಪ್ರತಿ ಗುಂಪಿಗೂ ಒಂದೋ ಎರಡೋ ಬೈಟಿನ ನಷ್ಟವಷ್ಟೇ ತಟ್ಟುತ್ತದೆ. ಅಷ್ಟನ್ನು ತಿದ್ದುವ ಶಕ್ತಿ ಸಂಕೇತಕ್ಕಿದೆ. ಸೋನಿಯ ತೊಶಿತಾದ ದೊಯಿ, ಫಿಲಿಪ್ಸಿನ ಕೀಸ್ ಇಮ್ಮಿಂಕ್ ಮೊದಲಾದ ಎಂಜಿನಿಯರುಗಳು ಸಿ.ಡಿ.ಗೆ ಕಟ್ಟಿಕೊಟ್ಟ ವ್ಯವಸ್ಥೆಯ ಫಲವಾಗಿ, ಸುರುಳಿಯ ಜಾಡಿನಲ್ಲಿ ಸುಮಾರು 2.5 ಮಿಲಿಮೀಟರ್ ಉದ್ದದ ತೂತು ಬಿದ್ದರೂ ಒಂದು ಬಿಟ್ ಕೂಡ ಕಳೆಯದೆ ಹಾಡು ಹೊರಡುತ್ತದೆ. ಅದಕ್ಕೂ ದೊಡ್ಡ ತೂತಾದರೆ ಯಂತ್ರ ಹಿಂದಿನ ಮುಂದಿನ ಧ್ವನಿಮಟ್ಟ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ನಮ್ಮ ಕಿವಿಗೆ ಅದು ತಿಳಿಯುವುದು ವಿರಳ. ಊಹೆಯೂ ಸಾಲದಾದಾಗ ಕ್ಷಣಕಾಲ ಮೌನ, ಅಥವಾ ಎಲ್ಲರಿಗೂ ಪರಿಚಿತವಾದ ಆ ‘ಟಿಕ್ ಟಿಕ್’ ತಡವರಿಕೆ.

ಇಲ್ಲಿಂದ ಮನೆಯ ರಿಪೇರಿಗೆ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು ಗೀರಿನ ದಿಕ್ಕು. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆದ ಗೀರು ನೋಡಲು ಭೀಕರವಾಗಿದ್ದರೂ, ಪ್ರತಿಯೊಂದು ಸುತ್ತನ್ನೂ ಅದು ಕೂದಲಗಲದಷ್ಟೇ ಕತ್ತರಿಸುತ್ತದೆ. ತಿದ್ದುವ ಮಿತಿಯೊಳಗೆ ಅದು ಸಲೀಸಾಗಿ ಬರುತ್ತದೆ. ಸುತ್ತಿನ ಜಾಡಿಗೆ ಸಮನಾಗಿ ಬಿದ್ದ ಬಾಗಿದ ಗೀರು ಕಣ್ಣಿಗೆ ನವುರಾಗಿ ಕಂಡರೂ ಐದು ಮಿಲಿಮೀಟರ್ ಉದ್ದವಿದ್ದರೆ ಸಾಕು, ಗಣಿತವನ್ನು ಸೋಲಿಸೀತು. ತಟ್ಟೆಯನ್ನು ಒರೆಸುವಾಗ ಗ್ರಾಮಫೋನಿನ ಅಭ್ಯಾಸದಂತೆ ಸುತ್ತ ಸುತ್ತ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕೆನ್ನುವುದು ಇದಕ್ಕಾಗಿ. ಒರೆಸುವ ಬಟ್ಟೆಯೂ ಗೀರುತ್ತದೆ; ಗೀರಿದರೂ ಕ್ಷಮೆ ದೊರೆಯುವ ದಿಕ್ಕಿನಲ್ಲಿ ಗೀರಲಿ ಎಂಬುದು ಇದರ ತಾತ್ಪರ್ಯ.

ಎರಡನೆಯ ಪಾಠ ಇನ್ನೂ ಮುಖ್ಯವಾದುದು. ಗ್ರಾಮಫೋನ್ ತಟ್ಟೆ ತನ್ನ ಸವೆತವನ್ನು ಪ್ರತಿ ಸಲವೂ ಹೇಳಿಕೊಳ್ಳುತ್ತದೆ. ಸಿ.ಡಿ. ಹೇಳುವುದಿಲ್ಲ. ಒಳಗೆ ತಪ್ಪುಗಳು ಹೆಚ್ಚುತ್ತಿದ್ದರೂ ತಿದ್ದುವ ಶಕ್ತಿ ಇರುವವರೆಗೆ ಹೊರಗೆ ಎಲ್ಲವೂ ಪರಿಪೂರ್ಣ; ಮಿತಿ ದಾಟಿದ ದಿನ ಒಮ್ಮೆಗೇ ಕುಸಿತ. ಕಳೆದ ವರ್ಷ ಚೆನ್ನಾಗಿ ಓಡಿತ್ತು ಎಂಬುದು ಆದ್ದರಿಂದ ಈ ವಸ್ತುವಿನ ವಿಷಯದಲ್ಲಿ ಯಾವ ಭರವಸೆಯೂ ಅಲ್ಲ.

ಇನ್ನು ಪೇಸ್ಟಿನ ವಿಚಾರ. ಸಿ.ಡಿ. ಸಂಗೀತದ ದುಬಾರಿ ಸಾಧನವಾಗಿದ್ದಷ್ಟು ಕಾಲ ಜನ ಅದನ್ನು ಅಂಚು ಹಿಡಿದು ಎತ್ತುತ್ತಿದ್ದರು. ಅದು ಕಂಪ್ಯೂಟರಿಗೂ ಸಿನಿಮಾಕ್ಕೂ ಬಂದು, ಅಗ್ಗವಾಗಿ, ಬಾಡಿಗೆಗೂ ಸಿಕ್ಕಿ, ಮಕ್ಕಳ ಕೈಗೂ ಹೋದಾಗ ಗೀರು ಮನೆಮಾತಾಯಿತು, ಮನೆಮದ್ದುಗಳೂ ಹುಟ್ಟಿದವು. ಬಿಳಿಯ ಹಲ್ಲುಪೇಸ್ಟು, ಹಿತ್ತಾಳೆ ಬೆಳಗುವ ಬ್ರಾಸೊ, ಕಾರಿಗೆ ಹಚ್ಚುವ ಮೇಣ, ವ್ಯಾಸಲೀನ್, ಕಡೆಗೆ ಬಾಳೆಹಣ್ಣಿನ ಸಿಪ್ಪೆಯವರೆಗೆ. ನಗೆಪಾಟಲೆನಿಸುವ ಈ ಪಟ್ಟಿಯಲ್ಲಿ ಎರಡು ಸಾಚಾ ತತ್ತ್ವಗಳಿವೆ. ಒಂದು ಸವೆಸುವುದು, ಇನ್ನೊಂದು ತುಂಬುವುದು.

ಗೀರು ಕಿರಣವನ್ನು ಕೆಡಿಸುವುದು ಅದರ ಚೂಪಾದ ಅಂಚುಗಳಿಂದ. ಪ್ಲಾಸ್ಟಿಕ್ಕಿನಿಂದ ಗಾಳಿಗೆ ದಾಟುವಲ್ಲಿ ಮೈ ಓರೆಯಾಗಿದ್ದರೆ ಬೆಳಕು ದಿಕ್ಕು ತಪ್ಪಿ ಚೆದುರುತ್ತದೆ. ಪೇಸ್ಟಿನಲ್ಲಿ ಹಲ್ಲಿನ ಪಾಚಿಯನ್ನು ತಿಕ್ಕಿ ತೆಗೆಯಲೆಂದೇ ಸುಣ್ಣದ ಕಾರ್ಬೊನೇಟ್ ಇಲ್ಲವೆ ಸಿಲಿಕಾದ ನುಣ್ಣನೆಯ ಪುಡಿ ಇರುತ್ತದೆ. ಪಾಲಿಕಾರ್ಬೊನೇಟ್ ಮೆದು ಪ್ಲಾಸ್ಟಿಕ್ಕಾದ್ದರಿಂದ ಆ ಪುಡಿ ಗೀರಿನ ಅಂಚುಗಳನ್ನು ಸವೆಸಿ ದುಂಡಗೆ ಮಾಡುತ್ತದೆ. ಸುತ್ತಲಿನ ಮೈಯನ್ನೂ ತುಸು ತಗ್ಗಿಸುತ್ತದೆ. ಗೀರು ಮಾಯವಾಗುವುದಿಲ್ಲ, ಅದರ ಬದಲು ನೂರಾರು ನವುರು ಗೀರುಗಳು ಮೂಡುತ್ತವೆ. ಆದರೆ ನವುರು ಗೀರುಗಳನ್ನು ಸಂಕೇತ ತಿದ್ದಿಕೊಳ್ಳಬಲ್ಲದು, ಒಂದು ಆಳದ ಗೀರನ್ನು ತಿದ್ದಲಾರದು. ಕ್ಷಮೆಯಿಲ್ಲದ ದೋಷವೊಂದನ್ನು ಕ್ಷಮೆಯುಳ್ಳ ಹಲವು ದೋಷಗಳಿಗೆ ವಿನಿಮಯ ಮಾಡಿಕೊಳ್ಳುವುದೇ ಪೇಸ್ಟಿನ ರಹಸ್ಯ. ಒಂದು ಕಾಲಕ್ಕೆ ಅಮೆರಿಕದಲ್ಲಿ ಮಾರಾಟವಾದ ‘ಸ್ಕಿಪ್ ಡಾಕ್ಟರ್’ ಎಂಬ, ಕೈಯಿಂದ ತಿರುಗಿಸುವ ಪುಟ್ಟ ಯಂತ್ರ ಮಾಡುತ್ತಿದ್ದುದೂ ಇಷ್ಟನ್ನೇ. ಅದರ ಉಜ್ಜುಚಕ್ರ ತಟ್ಟೆಯ ಮೇಲೆ ನಡುವಿನಿಂದ ಅಂಚಿಗೆ ಸಾಗುವ ಮಬ್ಬು ಗೆರೆಗಳನ್ನು ಬಿಡುತ್ತಿತ್ತು. ನೋಡಿದವರಿಗೆ ತಟ್ಟೆ ಇನ್ನಷ್ಟು ಹಾಳಾದಂತೆ ಕಂಡರೂ ಓದುವ ಯಂತ್ರಕ್ಕೆ ಸುಧಾರಿಸಿರುತ್ತಿತ್ತು.

ಮೇಣ ಮತ್ತು ವ್ಯಾಸಲೀನಿನದು ತುಂಬುವ ದಾರಿ. ಪಾಲಿಕಾರ್ಬೊನೇಟಿನ ವಕ್ರೀಭವನಾಂಕ 1.5ಕ್ಕಿಂತ ತುಸು ಹೆಚ್ಚು, ಗಾಳಿಯದು 1, ಮೇಣದಂಥ ವಸ್ತುಗಳದು 1.4ರ ಆಸುಪಾಸು. ಗೀರಿನ ಕಂದರದಲ್ಲಿ ಗಾಳಿಯ ಬದಲು ಮೇಣ ಕೂತರೆ ಬೆಳಕಿಗೆ ತಗ್ಗು ದಿಣ್ಣೆ ಅಷ್ಟಾಗಿ ತಿಳಿಯುವುದಿಲ್ಲ. ಒದ್ದೆಯಾದ ಮಸುಕು ಗಾಜು ತಿಳಿಯಾಗುವಂತೆ. ಇದು ತಾತ್ಕಾಲಿಕ. ಮೇಣದ ಹೆಚ್ಚುವರಿಯನ್ನು ಪೂರ್ತಿ ಒರೆಸದಿದ್ದರೆ ಓದುವ ಯಂತ್ರದ ಮಸೂರವನ್ನೇ ಕೊಳೆ ಮಾಡೀತು. ಬಾಳೆಹಣ್ಣಿನ ಸಿಪ್ಪೆಯದೂ ಹೆಚ್ಚೆಂದರೆ ಇದೇ ಬಗೆಯ ಅಲ್ಪ ಉಪಕಾರ, ಮೇಲೊಂದಿಷ್ಟು ಅಂಟು. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವು ಮಾತ್ರ ಪೂರ್ತಿ ವರ್ಜ್ಯ. ಪಾಲಿಕಾರ್ಬೊನೇಟಿನ ಮೈ ಅವುಗಳಿಂದ ಬಿರಿದು ಹಾಲುಬಣ್ಣಕ್ಕೆ ತಿರುಗಿದರೆ ಮತ್ತೆ ಬೆಳಗಲಾಗದು.

ನಮ್ಮ ದೇಶದಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. 1993ರಲ್ಲಿ ನಿಯಮಾವಳಿ ಸಿದ್ಧವಾದ ವಿ.ಸಿ.ಡಿ., ಪಶ್ಚಿಮದ ಮನೆಗಳನ್ನು ಹೆಚ್ಚಾಗಿ ಹೊಗಲೇ ಇಲ್ಲ, ಏಷ್ಯಾದಲ್ಲಿ ಆಳಿತು. ಒಂದು ತಟ್ಟೆಗೆ ಸುಮಾರು 74 ನಿಮಿಷ, ಒಂದು ಸಿನಿಮಾಕ್ಕೆ ಎರಡೋ ಮೂರೋ ತಟ್ಟೆ. ಕನ್ನಡ ಚಿತ್ರಗಳು ಚಿತ್ರಮಂದಿರಗಳಿಗೆ ಅಪರೂಪಕ್ಕೆ ಬರುತ್ತಿದ್ದ ಊರುಗಳಲ್ಲಿ ನೆಲೆಸಿದ್ದ ನಮ್ಮಂಥವರಿಗೆ ಈ ಅಗ್ಗದ ತಟ್ಟೆ ದೊಡ್ಡ ಆಸರೆ. ಊರಿನಿಂದ ಬರುವವರ ಚೀಲದಲ್ಲಿ ಚಟ್ನಿಪುಡಿ, ಹಪ್ಪಳಗಳ ಜೊತೆ ಅದಕ್ಕೂ ಜಾಗವಿರುತ್ತಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ಕಾಗದದ ಲಕೋಟೆಯಲ್ಲಿ ಸುತ್ತುವಾಗ ಗೀರುಗಳನ್ನೂ ಗಳಿಸುತ್ತಿತ್ತು. 2007ರ ಹೊತ್ತಿಗೆ ಮೋಸರ್ ಬೇಯರ್ ಸಂಸ್ಥೆ ಸಿನಿಮಾ ವಿ.ಸಿ.ಡಿ.ಗಳನ್ನು 28 ರೂಪಾಯಿಗೂ ಡಿ.ವಿ.ಡಿ.ಗಳನ್ನು 34 ರೂಪಾಯಿಗೂ ಮಾರತೊಡಗಿದಾಗ, ಗೀರು ಬಿದ್ದದ್ದನ್ನು ತಿಕ್ಕುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಸುಲಭವೆನಿಸಿತು. ಆ ಸಂಸ್ಥೆಯೂ 2018ರಲ್ಲಿ ಸಮಾಪನೆಗೆ ಹೋಯಿತು.

ವಿ.ಸಿ.ಡಿ.ಯ ಗೀರಿಗೆ ಚಿತ್ರ ಚೌಕಳಿ ಚೌಕಳಿಯಾಗಿ ಒಡೆದು ನಿಲ್ಲುತ್ತಿದ್ದುದು ಏಕೆ? ಹಾಡಿನಲ್ಲಿ ಕಳೆದ ಕ್ಷಣವನ್ನು ಊಹಿಸಬಹುದು. ಕಂಪ್ಯೂಟರಿನ ಕಡತದಲ್ಲಿ ಹಾಗೆ ಊಹಿಸಲಾಗದು. ಅದಕ್ಕೆಂದು ದತ್ತಾಂಶದ ತಟ್ಟೆಗಳಲ್ಲಿ ಮೇಲಿನ ರಕ್ಷೆಗಳ ಜೊತೆಗೆ, ಪ್ರತಿ 2048 ಬೈಟುಗಳಿಗೆ 276 ಬೈಟುಗಳಂತೆ ತಿದ್ದುಪಡಿಯ ಇನ್ನೊಂದು ಪದರ ಸೇರಿಸಿದರು. ವಿ.ಸಿ.ಡಿ.ಯನ್ನು ರೂಪಿಸಿದವರು ಸಿನಿಮಾಕ್ಕೆ ಹೆಚ್ಚು ಜಾಗ ಸಿಗಲೆಂದು ಆ ಮೂರನೆಯ ಪದರವನ್ನು ಬಿಟ್ಟುಕೊಟ್ಟು, ಆ ಜಾಗಕ್ಕೂ ಚಿತ್ರವನ್ನೇ ತುಂಬಿದರು. ಆದರೆ ಅದುಮಿಟ್ಟ ಚಿತ್ರದಲ್ಲಿ ಒಂದು ಬೈಟು ಕೆಟ್ಟರೆ ಅದನ್ನು ಆಧರಿಸಿದ ಮುಂದಿನ ಚೌಕಟ್ಟುಗಳೂ ಕೆಡುತ್ತವೆ. ಒಂದೇ ಅಳತೆಯ ಗೀರು ಹಾಡಿನ ತಟ್ಟೆಯಲ್ಲಿ ಕೇಳಿಸದೆ ಹೋಗಿ, ಸಿನಿಮಾದ ತಟ್ಟೆಯಲ್ಲಿ ನಾಯಕನ ಮುಖವನ್ನೇ ಚೂರುಮಾಡುತ್ತಿದ್ದುದು ಹೀಗೆ.

ಕಿಟಕಿಯ ಗೀರಿಗೆ ಮದ್ದಿದೆ. ಅತ್ತ ಮಗ್ಗುಲ ಗೀರಿಗೆ ಇಲ್ಲ. ಅಚ್ಚಿನ ಬದಿಯಲ್ಲಿ ಗೀರಿದರೆ ಮೆರುಗೆಣ್ಣೆಯ ಪದರ ಕಿತ್ತು, ಅದರೊಡನೆ ಅಲ್ಯೂಮಿನಿಯಂ ಎದ್ದು ಬರುತ್ತದೆ. ತಟ್ಟೆಯನ್ನು ದೀಪಕ್ಕೆ ಹಿಡಿದಾಗ ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಬರಹವೇ ಹೋಗಿದೆಯೆಂದು ತಿಳಿಯಬೇಕು. ಯಾರೂ ಮುಟ್ಟದ ತಟ್ಟೆಗೂ ಕೆಲವೊಮ್ಮೆ ಇದೇ ಗತಿ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಕಾರ್ಖಾನೆಯೊಂದರಲ್ಲಿ 1988ರಿಂದ 1993ರವರೆಗೆ ತಯಾರಾದ ಅನೇಕ ಸಿ.ಡಿ.ಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಹೊದಿಕೆಯ ಕಾಗದದಲ್ಲಿದ್ದ ಗಂಧಕವನ್ನು ತಡೆಯುವ ಗುಣ ಅಲ್ಲಿ ಬಳಸಿದ ಮೆರುಗೆಣ್ಣೆಗೆ ಇರಲಿಲ್ಲ.

ಮನೆಯಲ್ಲಿ, ಸ್ಟುಡಿಯೋದಲ್ಲಿ, ಸೈಬರ್ ಅಂಗಡಿಯಲ್ಲಿ ‘ಬರ್ನ್’ ಮಾಡಿಸಿದ ತಟ್ಟೆಗಳ ಪಾಡು ಇನ್ನೂ ಸೂಕ್ಷ್ಮ. ಜಪಾನಿನ ತಾಯೊ ಯೂಡೆನ್ ಸಂಸ್ಥೆ 1988ರಲ್ಲಿ ತೋರಿಸಿದ ಈ ಬಗೆಯ ತಟ್ಟೆಯಲ್ಲಿ ಗುಳಿಗಳೇ ಇಲ್ಲ. ಇರುವುದು ಒಂದು ಸಾವಯವ ಬಣ್ಣದ ಪದರ. ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುವಂತೆ ಅದೂ ಬೆಳಕು, ಶಾಖ, ತೇವಗಳಿಗೆ ಮಾಸುತ್ತದೆ. ಮುಂಬಯಿ, ಚೆನ್ನೈಗಳ ಕಡಲ ತೇವ, ದೆಹಲಿ, ಹೈದರಾಬಾದುಗಳ ಬೇಸಗೆಯ ಕಾವು ಎರಡೂ ಅದಕ್ಕೆ ಒಗ್ಗವು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಕೈಪಿಡಿಯೂ ತಟ್ಟೆಗಳನ್ನು ತಂಪಾದ, ಒಣಗಿದ, ಕತ್ತಲ ಜಾಗದಲ್ಲಿಡಬೇಕೆಂದೂ, ಹೆಸರು ಬರೆಯಲು ನೀರಿನ ಶಾಯಿಯ ಮೆತ್ತನೆಯ ಪೆನ್ನನ್ನು ಬಳಸಬೇಕೆಂದೂ ಸಲಹೆ ಮಾಡಿತು. ಮಾಸಿದ ಬಣ್ಣಕ್ಕೆ ಯಾವ ಪೇಸ್ಟೂ ಇಲ್ಲ.

ಮುಂದಿನ ಪೀಳಿಗೆಯ ತಟ್ಟೆಗಳಲ್ಲಿ ಕಿಟಕಿಯ ದಪ್ಪ ಬದಲಾಯಿತು. 1996ರಲ್ಲಿ ಬಂದ ಡಿ.ವಿ.ಡಿ.ಯಲ್ಲಿ ತಲಾ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿ ನಡುವೆ ಬರಹವಿಟ್ಟರು. ಅಚ್ಚಿನ ಬದಿಯ ಗೀರಿನ ಭಯ ತೀರಿತು, ಕಿಟಕಿಯೂ ಅರ್ಧಕ್ಕಿಳಿಯಿತು. 2006ರ ಬ್ಲೂ-ರೇಯಲ್ಲಿ ಬರಹ ಹೊರಮೈಯಿಂದ ಕೇವಲ 0.1 ಮಿಲಿಮೀಟರ್ ಆಳದಲ್ಲಿದೆ. ಅದಕ್ಕೆ ಗಟ್ಟಿಯಾದ ರಕ್ಷಾಲೇಪ ಕೊಟ್ಟಿದ್ದಾರೆ. ಅದನ್ನು ಪೇಸ್ಟಿನಿಂದ ತಿಕ್ಕುವುದೆಂದರೆ ರಕ್ಷೆಯನ್ನೇ ಸವೆಸುವುದು. ಮನೆಮದ್ದು ಸಿ.ಡಿ., ವಿ.ಸಿ.ಡಿ., ಡಿ.ವಿ.ಡಿ.ಗಳಿಗೆ ಮಾತ್ರ.

ಇಷ್ಟು ತಿಳಿದ ಮೇಲೆ ದುರಸ್ತಿಯ ಕ್ರಮ ತಾನಾಗಿ ಗೋಚರಿಸುತ್ತದೆ. ಮೊದಲು ತಟ್ಟೆಯನ್ನು ದೀಪಕ್ಕೆ ಹಿಡಿದು ಗೀರು ಯಾವ ಬದಿಯದೆಂದು ನೋಡಬೇಕು. ಬಳಿಕ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ತಣ್ಣೀರಿನಲ್ಲಿ ಅದ್ದಿ, ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು. ಗೀರೆಂದು ನಾವು ಬಗೆದದ್ದು ಎಷ್ಟೋ ಸಲ ಎಣ್ಣೆಗೈಯ ಗುರುತಾಗಿರುತ್ತದೆ. ಆಗಲೂ ಓದದಿದ್ದರೆ ಬೇರೊಂದು ಯಂತ್ರದಲ್ಲಿ ಹಾಕಿ ನೋಡಬೇಕು. ಒಂದು ಸೋತಲ್ಲಿ ಇನ್ನೊಂದು ಗೆಲ್ಲುವುದುಂಟು, ಕಡಿಮೆ ವೇಗದಲ್ಲಿ ಓದಿಸಿದರೆ ಗೆಲುವಿನ ಸಾಧ್ಯತೆ ಹೆಚ್ಚು. ಕೆಟ್ಟ ಜಾಗವನ್ನು ಬಿಟ್ಟು ಉಳಿದದ್ದನ್ನು ಮೊದಲು ನಕಲಿಸಿ, ಆಮೇಲೆ ಕೆಟ್ಟದ್ದನ್ನು ಮತ್ತೆ ಮತ್ತೆ ಓದಲು ಯತ್ನಿಸುವ ‘ಡಿಡಿರೆಸ್ಕ್ಯೂ’ದಂಥ ಉಚಿತ ತಂತ್ರಾಂಶಗಳಿವೆ. ಎರಡು ಬೇರೆ ಯಂತ್ರಗಳಲ್ಲಿ ಸಿಕ್ಕ ಭಾಗಗಳನ್ನು ಅವು ಒಂದೇ ಪ್ರತಿಯಾಗಿ ಕೂಡಿಸಬಲ್ಲವು. ಎರಡು ಹರಿದ ಓಲೆಪ್ರತಿಗಳಿಂದ ಒಂದು ಪಾಠವನ್ನು ಸಿದ್ಧಪಡಿಸಿದ ಹಾಗೆ. ಇದೆಲ್ಲ ಮುಗಿದ ಮೇಲೆಯೇ ಪೇಸ್ಟು. ಬಿಳಿಯ ಪೇಸ್ಟನ್ನೇ ಆರಿಸಬೇಕು, ಗೀರಿರುವಲ್ಲಿ ಮಾತ್ರ ಹಚ್ಚಬೇಕು, ಹಗುರವಾಗಿ ನಡುವಿನಿಂದ ಅಂಚಿಗೆ ತಿಕ್ಕಬೇಕು. ಚೆನ್ನಾಗಿ ತೊಳೆದು, ಒಣಗಿಸಿ, ಓದಿಸಬೇಕು. ಓದಿದ ಕೂಡಲೇ ನಕಲು ಮಾಡಿಕೊಳ್ಳಬೇಕು.

ಈ ಕೊನೆಯ ಮಾತೇ ಇಡೀ ಚರಿತ್ರೆಯ ಸಾರ. ದುರಸ್ತಿಯಿಂದ ತಟ್ಟೆ ಹೊಸದಾಗುವುದಿಲ್ಲ. ಅದರಿಂದ ಇನ್ನೊಂದು ಓದು ದೊರೆಯುತ್ತದೆ, ಅಷ್ಟೇ. ಆ ಓದನ್ನು ಪ್ರತಿಯಾಗಿಸಿದರೆ ಮಾತ್ರ ಶ್ರಮ ಸಾರ್ಥಕ. ನಮ್ಮ ಹಿಂದಿನವರು ಓಲೆಗರಿಗೆ ಎಣ್ಣೆ ಸವರಿದರು, ಮಸಿ ತೊಡೆದರು, ಬಟ್ಟೆಯಲ್ಲಿ ಸುತ್ತಿಟ್ಟರು. ಹಾಗಿದ್ದೂ ನಮ್ಮ ಹಳೆಯ ಕಾವ್ಯಗಳು ನಮಗೆ ತಲುಪಿದ್ದು ಕವಿ ಬರೆದ ಗರಿಗಳು ಉಳಿದುದರಿಂದಲ್ಲ. ಗರಿ ಮುರಿಯುವ ಮೊದಲು ಯಾರೋ ಲಿಪಿಕಾರ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲೆಂದು ಬೇಡಿಕೊಂಡು, ಹೊಸ ಗರಿಗೆ ಇಳಿಸಿದ್ದರಿಂದ.

ಸಿನಿಮಾಗಳ ವಿ.ಸಿ.ಡಿ.ಗಳ ಬಗ್ಗೆ ಹೆಚ್ಚು ಚಿಂತಿಸಬೇಕಿಲ್ಲ. ಅವುಗಳ ಪ್ರತಿ ಇನ್ನೆಲ್ಲೋ ಇದ್ದೀತು. ಚಿಂತಿಸಬೇಕಾದದ್ದು ಬರಿಯ ಪೆನ್ನಿನಿಂದ ಹೆಸರು ಬರೆದ ತಟ್ಟೆಗಳ ಬಗ್ಗೆ. ಮದುವೆ, ಉಪನಯನ, ಗೃಹಪ್ರವೇಶದ ತಟ್ಟೆಗಳು. ಈಗಿಲ್ಲದ ಹಿರಿಯರ ದನಿಯಿರುವ ತಟ್ಟೆಗಳು. ಹೊರನಾಡಿನ ಕನ್ನಡ ಸಂಘಗಳ ಕಪಾಟುಗಳಲ್ಲಿ ರಾಜ್ಯೋತ್ಸವದ ನಾಟಕ, ತಾಳಮದ್ದಲೆ, ಕವಿಗೋಷ್ಠಿ, ಅತಿಥಿ ಸಾಹಿತಿಗಳ ಉಪನ್ಯಾಸಗಳನ್ನು ಹೊತ್ತು ಕೂತ ತಟ್ಟೆಗಳು. ಆ ಸಂಜೆಗಳ ವರದಿ ಯಾವ ಪತ್ರಿಕೆಯಲ್ಲೂ ಬಂದಿರಲಾರದು. ಹೊರನಾಡಿನಲ್ಲಿ ಕನ್ನಡ ಹೇಗೆ ಬದುಕಿತೆಂದು ಮುಂದೆ ಯಾರಾದರೂ ಬರೆಯಹೊರಟರೆ ಅವರಿಗೆ ದೊರೆಯಬಹುದಾದ ಆಕರಗಳಲ್ಲಿ ಇವೂ ಸೇರಿವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆಗೆ ಬಾಯಿಯೇ ಇಲ್ಲದಿದ್ದರೂ ಹೊರಗಿನಿಂದ ಜೋಡಿಸುವ ಡ್ರೈವ್‌ಗಳು ಅಂಗಡಿಗಳಲ್ಲಿ ಇನ್ನೂ ಸಿಗುತ್ತಿವೆ. ಒಂದು ಸಂಘಕ್ಕೆ ಅಂಥದೊಂದು ಡ್ರೈವ್, ಕೆಲವು ಭಾನುವಾರಗಳು, ಕಡತಗಳಿಗೆ ವರ್ಷವನ್ನೂ ಕಲಾವಿದರ ಹೆಸರನ್ನೂ ಬರೆದಿಡುವಷ್ಟು ನೆನಪಿರುವ ಒಬ್ಬ ಹಿರಿಯ ಸದಸ್ಯರು ಇದ್ದರೆ ಸಾಕು. ಇವುಗಳಲ್ಲಿ ಡ್ರೈವ್ ಎಂದಾದರೂ ಕೊಂಡೇವು. ನೆನಪಿರುವವರನ್ನು ಮಾತ್ರ ಈಗಲೇ ಕೇಳಬೇಕು.